ಮುರ್ಶಿದಾ ತಂದ ನೀರು

ವಾಮದಪದವು
ಮೇ 3, 2025

ಪ್ರೀತಿಯ ನೀಲಾವತಿಯಕ್ಕನಿಗೆ,

ವಾಗ್ದೇವಿಯ ನಮಸ್ಕಾರಗಳು. ಮೊಣಕಾಲಿನ ಆಪರೇಶನ್ ಆದ ಮೇಲೆ ಮೂಡಬಿದಿರೆಯ ಮನೆಯಲ್ಲಿ ಈಗ ಕೋಲಿಲ್ಲದೆ ನಡೆಯುತ್ತಿದ್ದೀರಿ ಎಂದು ಕೇಳಿ ಸಮಾಧಾನವಾಯಿತು. ಶಿಬಿರ ಮುಗಿದ ದಿನವೇ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ, ಮುಗಿದು ಮೂರು ದಿನವಾಯಿತು. ಬೈಯಬೇಡಿ. ಫೋನು ಮಾಡಬಹುದಿತ್ತು, ಆದರೆ ನಿಮ್ಮ ಫೋನು ಎತ್ತುವುದೂ ಶುಭಶ್ರೀ, ಮೆಸೇಜು ಓದಿ ಹೇಳುವುದೂ ಶುಭಶ್ರೀ. ನಿಮ್ಮ ಮಗಳು ಒಳ್ಳೆಯವಳೇ, ಆದರೆ ನನಗೆ ಬೇಕಾದದ್ದು ನಿಮ್ಮ ಕಿವಿ.

ನೀವು ಹನ್ನೆರಡು ವರ್ಷ ನಡೆಸಿದ ಬೇಸಿಗೆ ವಿಜ್ಞಾನ ಶಿಬಿರವನ್ನು ಈ ಸಲ ಮೊದಲ ಬಾರಿಗೆ ನಾನೊಬ್ಬಳೇ ನಡೆಸಿದೆ. ಇಪ್ಪತ್ತೆರಡು ಮಕ್ಕಳು, ಬೆಳಿಗ್ಗೆ ಒಂಬತ್ತೂವರೆಯಿಂದ ಮೂರು ಗಂಟೆಯವರೆಗೆ, ಹತ್ತು ದಿನ. ಚೆನ್ನಾಗಿ ನಡೆಯಿತು ಎಂದು ಬರೆಯೋಣವೆಂದು ಕುಳಿತರೆ ಕೈ ಬರುತ್ತಿಲ್ಲ. ಆದರೂ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ.

ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ನಮ್ಮಲ್ಲಿ ನೆರಳಿಲ್ಲದ ದಿನ. ಸೂರ್ಯ ಸರಿಯಾಗಿ ನೆತ್ತಿಗೆ ಬರುವ ಹನ್ನೆರಡು ಇಪ್ಪತ್ತೆಂಟಕ್ಕೆ ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿದ್ದೆ. ಸುಡುವ ನೆಲದಲ್ಲಿ ಕೋಲು, ಬಾಟಲಿ, ಡಬ್ಬ ಎಲ್ಲ ಸಾಲಾಗಿ ಇಟ್ಟುಕೊಂಡು ಕಾದೆವು. ಬಾಸಿತ್ ಎಂಬ ತುಂಟ ಇದ್ದಾನೆ. "ಟೀಚರ್, ನನ್ನ ನೆರಳು ಊಟಕ್ಕೆ ಹೋಯ್ತಾ ಅಂತ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಏಳನೇ ಪಾಸಾದ ಮುರ್ಶಿದಾ ಮಾತ್ರ ನಗಲಿಲ್ಲ. ಸ್ಟೀಲಿನ ಲೋಟವನ್ನು ನೆಲದಿಂದ ಎತ್ತಿ ಅದರ ಅಡಿ ನೋಡಿದಳು, ಇಟ್ಟಳು, ಮತ್ತೆ ಎತ್ತಿ ನೋಡಿದಳು. "ಅಡಿಯಲ್ಲಿ ಉಂಟು ಟೀಚರ್, ಎತ್ತಿದ ಕೂಡ್ಲೆ ಕಾಣ್ತದೆ" ಎಂದಳು. ಇಂಥ ಒಂದು ಮಗು ಸಿಕ್ಕಿದರೆ ಆ ವರ್ಷದ ಶಿಬಿರ ಸಾರ್ಥಕ ಎಂದು ನೀವು ಹೇಳುತ್ತಿದ್ದಿರಲ್ಲ, ಅಂಥ ಮಗು.

ಈಗ ಕೆಟ್ಟದ್ದು. ಮರುದಿನ, ಶುಕ್ರವಾರ, ನೀರಿನ ಪರೀಕ್ಷೆ ಇತ್ತು. ಪಂಚಾಯತಿನವರು ಕೊಡುವ ಪುಟ್ಟ ಬಾಟಲಿಗಳನ್ನು ನೀವೇ ತಾನೇ ನಮಗೆ ಪರಿಚಯ ಮಾಡಿಸಿದ್ದು? ಗೆರೆಯವರೆಗೆ ನೀರು ಹಾಕಿ ಎರಡು ದಿನ ಇಟ್ಟರೆ, ನೀರಿಗೆ ಪಾಯಿಖಾನೆಯ ಹೊಲಸು ಸೇರಿದ್ದರೆ ಬಾಟಲಿ ಕಪ್ಪಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಮನೆಯ ಬಾವಿಯ ನೀರು ತರಬೇಕೆಂದು ಹೇಳಿದ್ದೆ, ತಂದರು. ನೀವಿದ್ದಾಗ ಬಾಟಲಿಗೆ ನಂಬರು ಮಾತ್ರ ಹಾಕುತ್ತಿದ್ದಿರಿ. ಯಾರ ನಂಬರು ಯಾವುದು ಎನ್ನುವುದು ನಿಮ್ಮ ಡೈರಿಯಲ್ಲಿ ಇರುತ್ತಿತ್ತು, ಕಪ್ಪಾದ ಮನೆಗೆ ನೀವೇ ಸಂಜೆ ನಡೆದುಕೊಂಡು ಹೋಗಿ ಹೇಳಿ ಬರುತ್ತಿದ್ದಿರಿ. ನಾನು ನಿಮಗಿಂತ ಜಾಣೆ ನೋಡಿ! ಮಕ್ಕಳಿಗೆ ತಮ್ಮದು ಎಂಬ ಅಭಿಮಾನ ಬರಲಿ ಎಂದು ಮಗುವಿನ ಹೆಸರು, ಅದರ ಕೆಳಗೆ ಮನೆಯ ಹೆಸರು, ಬಣ್ಣದ ಪೆನ್ನಿನಲ್ಲಿ ಬರೆಸಿ ಅಂಟಿಸಿದೆ.

ಭಾನುವಾರ ರಜೆ. ಸೋಮವಾರ ಕೋಣೆಯ ಬಾಗಿಲು ತೆಗೆದರೆ ಇಪ್ಪತ್ತೊಂದು ಬಾಟಲಿ ಇದ್ದ ಹಾಗೇ ಇವೆ, ಒಂದು ಮಸಿಯಂತೆ ಕಪ್ಪು. "ಮುರ್ಶಿದಾ, ಗೋಳಿದಡಿ ಮನೆ." ಬಾಸಿತ್ "ಕಷಾಯ, ಕಷಾಯ" ಎಂದು ಕುಣಿದ. ಮುರ್ಶಿದಾ ಬಾಟಲಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾಚಿಕೆಯಾಗಿರಬೇಕು ಎಂದುಕೊಂಡೆ. ಪ್ರಯೋಗ ಇಷ್ಟು ಚೆನ್ನಾಗಿ ಬಂದ ಸಂಭ್ರಮದಲ್ಲಿ ನಾನು ಸಾಲು ಬಾಟಲಿಗಳ ಫೋಟೋ ತೆಗೆದು ಪಾಲಕರ ಗ್ರೂಪಿಗೆ ಹಾಕಿದೆ. ದಿನಾ ಹಾಕುತ್ತಿದ್ದೆನಲ್ಲ, ಅದೇ ಅಭ್ಯಾಸ. ಮಧ್ಯಾಹ್ನ ಊಟಕ್ಕೆ ಕುಳಿತಾಗ ತಪ್ಪು ತಿಳಿದು ಅಳಿಸಿದೆ. ಅಷ್ಟರಲ್ಲಿ ಅದು ಬಿ.ಸಿ.ರೋಡಿನವರೆಗೆ ಹೋಗಿ ಆಗಿತ್ತು.

ಮುರ್ಶಿದಾಳ ತಾಯಿ, ಗೋಳಿದಡಿಯ ಸೌದಾ ನಿಮಗೆ ನೆನಪಿರಬಹುದು. ಮನೆಯಲ್ಲೇ ಪತ್ತಿರ್ ಮಾಡುತ್ತಾಳೆ, ಬಟ್ಟೆಯಷ್ಟು ತೆಳುವಿನ ಆ ಅಕ್ಕಿರೊಟ್ಟಿ. ಗಂಡ ಮೊಯ್ದೀನ್ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಟೆಲುಗಳಿಗೆ, ಮದುವೆ ಮನೆಗಳಿಗೆ ಕೊಟ್ಟು ಬರುತ್ತಾನೆ. ಮನೆ ನಡೆಯುವುದೇ ಅದರಲ್ಲಿ. ಮಂಗಳವಾರ ಬೆಳಿಗ್ಗೆ ಸೌದಾ ಒಂದು ಬಾಟಲಿ ನೀರು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಬಂದಳು. "ಟೀಚರ್, ಹದಿನೈದು ವರ್ಷದಿಂದ ಇದೇ ನೀರಲ್ಲಿ ಹಿಟ್ಟು ಕಲಸ್ತೇನೆ. ತಿಂದವರು ಒಬ್ರೂ ಹೊಟ್ಟೆನೋವು ಅಂತ ಬರ್ಲಿಲ್ಲ. ಇನ್ನೊಮ್ಮೆ ನೋಡಿ ಟೀಚರ್" ಎಂದಳು. ನೋಡಿದೆ. ಗುರುವಾರದವರೆಗೆ ಇಟ್ಟರೂ ಕಪ್ಪಾಗಲಿಲ್ಲ. ಗ್ರೂಪಿನಲ್ಲಿ ಹಾಕಿದೆ, ಗೋಳಿದಡಿಯ ನೀರು ಶುದ್ಧವಾಗಿದೆ ಎಂದು. ಯಾರೋ ಬರೆದರು, "ಅಷ್ಟರಲ್ಲಿ ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ." ಇನ್ನೊಬ್ಬರು, "ಟೀಚರ್ ಪಾಪ, ಮರ್ಯಾದೆಗೆ ಹೇಳ್ತಿದ್ದಾರೆ." ಅದಕ್ಕೆ ಹನ್ನೊಂದು ಹೆಬ್ಬೆರಳುಗಳು.

ಎರಡು ಹೋಟೆಲಿನವರು ಸದ್ಯಕ್ಕೆ ಪತ್ತಿರ್ ಬೇಡ ಎಂದಿದ್ದಾರಂತೆ. ನನಗೆ ತುಂಬಾ ಬೇಸರವಾಗಿದೆ ಅಕ್ಕ. ನೀವಾಗಿದ್ದರೆ ಈಗ ಏನು ಮಾಡುತ್ತಿದ್ದಿರಿ, ಬರೆಯಿರಿ. ಶುಭಶ್ರೀಗೆ ನನ್ನ ಆಶೀರ್ವಾದ ತಿಳಿಸಿ.

ನಿಮ್ಮ
ವಾಗ್ದೇವಿ


ವಾಮದಪದವು
ಜುಲೈ 14, 2025

ಪ್ರೀತಿಯ ನೀಲಾವತಿಯಕ್ಕನಿಗೆ,

ನಮಸ್ಕಾರಗಳು. ನಿಮ್ಮ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು, ಉತ್ತರ ಇಲ್ಲ. ಕ್ಷಮೆ ಕೇಳುವುದಕ್ಕೂ ಮುಖ ಬೇಕು. ನೀವು ಬರೆದದ್ದು ಒಂದೇ ಪುಟ, ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಒಂದೇ ಬಾವಿಯ ನೀರು ನಾಲ್ಕು ದಿನದಲ್ಲಿ ಎರಡು ಬಗೆ ತೋರಿಸಿತೆಂದರೆ ಮೊದಲು ಅನುಮಾನಿಸಬೇಕಾದದ್ದು ಬಾವಿಯನ್ನಲ್ಲ. ಮೊದಲ ಬಾಟಲಿಯ ನೀರು ಎಲ್ಲಿಯದೆಂದು ಆ ಹುಡುಗಿಯನ್ನು ಕೇಳಿದೆಯಾ?" ನಿವೃತ್ತಿಯಾಗಿ ವರ್ಷವಾದರೂ ನಿಮ್ಮ ಟೀಚರುತನ ಹೋಗಲಿಲ್ಲ. ಕಾಗದವನ್ನು ಅಕ್ಕಿಡಬ್ಬದ ಮೇಲೆ ಇಟ್ಟಿದ್ದೆ. ದಿನಕ್ಕೆರಡು ಸಲ ಅದನ್ನು ಎತ್ತಿಟ್ಟು ಅಕ್ಕಿ ತೆಗೆಯುತ್ತಿದ್ದೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಮಳೆ ಜೋರಾಗಿದೆ, ವಾರದಲ್ಲಿ ಎರಡು ದಿನ ಶಾಲೆಗೆ ರಜೆ. ಇವರು ಸೊಸೈಟಿಯ ಕೆಲಸವೆಂದು ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು, ಮನೆಯಲ್ಲಿದ್ದಾಗ ಮೊಬೈಲಿನಲ್ಲಿ ಜಗತ್ತನ್ನು ತಿದ್ದುತ್ತಿರುತ್ತಾರೆ. ಏಳನೆಯ ತರಗತಿಗೆ ಈ ವರ್ಷ ಹದಿನಾಲ್ಕೇ ಮಕ್ಕಳು. ಬಾಸಿತ್ ಶಿಬಿರದಲ್ಲಿ ಮಾಡಿದ ಪೆರಿಸ್ಕೋಪನ್ನು ತರಗತಿಗೆ ತಂದು ಪಕ್ಕದ ಕೋಣೆಯನ್ನು ಇಣುಕಿ ಸಿಕ್ಕಿಬಿದ್ದ. ಇಂಥ ಸುದ್ದಿ ಇನ್ನೂ ನಾಲ್ಕು ಪುಟ ಬರೆಯಬಲ್ಲೆ. ಆದರೆ ನಿಮಗೆ ಬೇಕಾದದ್ದು ಇದಲ್ಲ ಎಂದು ಗೊತ್ತು.

ಸೌದಾಳ ಪತ್ತಿರ್ ನಿಂತುಹೋಯಿತು. ಒಂದೇ ದಿನದಲ್ಲಿ ಅಲ್ಲ, ಒಂದೊಂದಾಗಿ. ಮೇ ತಿಂಗಳಲ್ಲಿ ಮೂರು ಮದುವೆಯವರು ಬೇಡವೆಂದರು. ಒಬ್ಬರು ಮಾತ್ರ ನೇರವಾಗಿ ಹೇಳಿದರಂತೆ, ಉಳಿದವರೆಲ್ಲ "ಈ ಸಲ ನಾವೇ ಮಾಡ್ತೇವೆ" ಎಂದರು. ಬಕ್ರೀದಿಗೆ ಪ್ರತಿವರ್ಷ ಎರಡು ದಿನ ಮೊದಲೇ ನೆರೆಕರೆಯ ಹೆಂಗಸರು ಸೇರಿ ಲಟ್ಟಿಸಿ ಕೊಡುವಷ್ಟು ಕೆಲಸ ಇರುತ್ತಿತ್ತು. ಈ ಸಲ ಅವಳ ಸ್ವಂತ ಅಕ್ಕನ ಮನೆಯವರೂ ಬೇರೆ ಕಡೆಯಿಂದ ತರಿಸಿದರು. ಜಾತಿಯೊಳಗಿನವರು, ಹೊರಗಿನವರು ಎಂದು ಭೇದವಿಲ್ಲದೆ ಎಲ್ಲರೂ ಒಂದಾದದ್ದು ಇದೊಂದು ವಿಷಯದಲ್ಲಿ.

ಜೂನ್ ಮೊದಲ ವಾರದಲ್ಲಿ ನಮ್ಮ ಮನೆಯ ಪಕ್ಕದ ಅಂಗನವಾಡಿಯ ನಾಲ್ಕು ಮಕ್ಕಳಿಗೆ ಜಾಂಡೀಸ್ ಆಯಿತು. ಮೂರು ಮನೆಯಲ್ಲೇ ಗುಣವಾದವು. ಒಂದು ಮಗುವನ್ನು ಮಂಗಳೂರಿಗೆ ಕೊಂಡುಹೋಗಬೇಕಾಯಿತು, ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ನಾಲ್ಕು ವರ್ಷದ ಮಗು, ಕಣ್ಣು ಅರಸಿನ ಹಚ್ಚಿದ ಹಾಗೆ. ಈಗ ಮನೆಗೆ ಬಂದಿದೆ, ದೇವರು ದೊಡ್ಡವನು. ಆದರೆ ಊರಿಗೆ ಕಾರಣ ಬೇಕಲ್ಲ? ಕಾರಣ ಫೋಟೋ ಸಮೇತ ಎಲ್ಲರ ಮೊಬೈಲಿನಲ್ಲಿ ಮೊದಲೇ ಇತ್ತು. ಹಾಲಿನ ಡೈರಿಯಲ್ಲಿ ನನ್ನ ಎದುರೇ ಒಬ್ಬಳು ಹೇಳಿದಳು, "ಆ ಪತ್ತಿರ್ ತಿಂದೇ ಆದದ್ದು ಮಾರಾಯ್ತಿ, ಟೀಚರೇ ಪರೀಕ್ಷೆ ಮಾಡಿ ತೋರಿಸಿದ್ದಲ್ವಾ?" ನಾಲ್ಕು ಮಕ್ಕಳಲ್ಲಿ ಇಬ್ಬರು ಪತ್ತಿರನ್ನು ಕಣ್ಣಿಂದಲೂ ಕಂಡವರಲ್ಲ. ಅಂಗನವಾಡಿಯ ದೀಪಶ್ರೀ ಅದನ್ನು ಹೇಳಿ ನೋಡಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆರೋಗ್ಯ ಕೇಂದ್ರದವರು ಬಂದು ಗೋಳಿದಡಿಯದ್ದೂ ಸೇರಿಸಿ ಆರು ಬಾವಿಗಳ ನೀರು ಕೊಂಡುಹೋದರು. ಎಲ್ಲಿಯೂ ದೋಷವಿಲ್ಲ ಎಂದು ಬಂತು. ಅದಕ್ಕೂ ಯಾರೂ ಕಿವಿ ಕೊಡಲಿಲ್ಲ.

ನಾನು ಒಮ್ಮೆ ಗೋಳಿದಡಿಗೆ ಹೋದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮಲ್ಲಿ ಹೇಗೋ ಅವರಲ್ಲೂ ಹಾಗೆಯೇ. ಸೌದಾ ಅಭ್ಯಾಸಬಲದಿಂದ ಒಳಗೆ ಹೋದಳು, ಶರಬತ್ತು ಕದಡುವ ಸದ್ದು ಕೇಳಿಸಿತು. ಆಮೇಲೆ ಸದ್ದು ನಿಂತಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ. "ಸೀಲ್ ತೆಗೀಲಿಲ್ಲ ಟೀಚರ್, ಈಗಷ್ಟೇ ತರಿಸಿದ್ದು" ಎಂದು ತಿರುಗಿಸಿ ಮುಚ್ಚಳ ತೋರಿಸಿದಳು. ನನಗೆ ಕುಳಿತಲ್ಲೇ ಸತ್ತ ಹಾಗಾಯಿತು. "ಬಾವಿಯ ನೀರೇ ಕೊಡು ಸೌದಾ" ಎಂದು ಕೇಳಿ ಎರಡು ಲೋಟ ಕುಡಿದೆ. ಅವಳು ಕಣ್ಣು ಒರೆಸಿಕೊಂಡು, "ನಿಮ್ಮಂಥವರು ಊರಲ್ಲಿ ಇನ್ನೊಬ್ರು ಇದ್ದಿದ್ರೆ ಸಾಕಿತ್ತು" ಎಂದಳು. ಮುರ್ಶಿದಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಜೂನ್ ಕೊನೆಗೆ ಮೊಯ್ದೀನ್ ಶಾಲೆಗೆ ಬಂದ, ಮುರ್ಶಿದಾಳ ಟಿ.ಸಿ. ಬೇಕೆಂದು. ಅವನು ಬಿ.ಸಿ.ರೋಡಿನ ತರಕಾರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅಲ್ಲೇ ಮಲಗುತ್ತಾನೆ. ಸೌದಾ ಮಕ್ಕಳನ್ನು ಕಟ್ಟಿಕೊಂಡು ಚಾರ್ಮಾಡಿಯ ತವರಿಗೆ ಹೋಗುತ್ತಾಳೆ. "ಎಂಟನೇ ಇಲ್ಲೇ ಮುಗಿಸ್ಲಿ ಅಂತ ಇತ್ತು ಟೀಚರ್. ಮಕ್ಕಳು ಅವಳ ಹತ್ರ ಕೂತು ಬುತ್ತಿ ತಿನ್ನುದಿಲ್ಲ ಅಂತೆ. ಅವಳು ಹೇಳ್ಲಿಲ್ಲ, ಅವಳ ತಮ್ಮ ಹೇಳಿದ್ದು" ಎಂದ. ನಾನು ತರಗತಿಯಲ್ಲಿ ದಿನಾ ಇರುವವಳು, ನನಗೆ ಅದು ಕಂಡಿರಲಿಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ. ಕಂಡಿತ್ತು. ಹೆಡ್‌ಮಿಸ್ ಜಾಗದಲ್ಲಿ ಈಗ ನಾನೇ ಇರುವುದರಿಂದ ಟಿ.ಸಿ. ಬರೆದದ್ದೂ ನಾನೇ. ಶಾಲೆ ಬಿಡಲು ಕಾರಣ ಎಂಬಲ್ಲಿ "ವಾಸಸ್ಥಳ ಬದಲಾವಣೆ" ಎಂದು ಬರೆದೆ. ನಡತೆ ಎಂಬಲ್ಲಿ "ಅತ್ಯುತ್ತಮ".

ಮುಂದಿನ ವರ್ಷ ಶಿಬಿರ ನಡೆಸುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಬೇರೆ ಯಾರಾದರೂ ನಡೆಸಿದರೆ ಮಸೂರ, ಕನ್ನಡಿ, ಸ್ಟವ್ ಎಲ್ಲ ಕಪಾಟಿನಲ್ಲಿ ಇದೆ, ಕೀಲಿ ಕೊಡುತ್ತೇನೆ.

ಮಳೆಗೆ ಜಾರುತ್ತದೆ, ಅಂಗಳಕ್ಕೆ ಇಳಿಯಬೇಡಿ. ಶುಭಶ್ರೀಗೆ ಒಳ್ಳೆಯದಾಗಲಿ, ಅವಳ ಮಗುವಿಗೆ ನನ್ನದೊಂದು ಮುತ್ತು. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿಮ್ಮ
ವಾಗ್ದೇವಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಇಷ್ಟು ಉದ್ದ ಬರೆದೆನಲ್ಲ.

ಕೇಳಬೇಕಾಗಿಯೇ ಬರಲಿಲ್ಲ ಅಕ್ಕ. ಬಾಟಲಿ ಕಪ್ಪಾದ ಸೋಮವಾರ ಸಂಜೆಯೇ ಮುರ್ಶಿದಾ ನಮ್ಮ ಮನೆಗೆ ಬಂದಿದ್ದಳು. ಮೇ ಮೂರಕ್ಕೆ ನಿಮಗೆ ಆ ಕಾಗದ ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ಸೌದಾ ಬಾಟಲಿ ಮುಚ್ಚಿಕೊಂಡು ತಂದಾಗಲೂ ಗೊತ್ತಿತ್ತು, ಸುಮ್ಮನೆ ಎರಡು ದಿನ ನೋಡುವ ನಾಟಕ ಮಾಡಿದೆ.

ಆ ಶುಕ್ರವಾರ ಮುರ್ಶಿದಾ ಮನೆಯಿಂದ ನೀರು ತರಲು ಮರೆತಿದ್ದಳು. ಅರ್ಧ ದಾರಿಗೆ ಬಂದಾಗ ನೆನಪಾಯಿತಂತೆ. ನಮ್ಮ ಗೇಟಿನ ಹತ್ತಿರದ ಬಾವಿಯಲ್ಲಿ ಹಗ್ಗ, ಕೊಡಪಾನ ಯಾವಾಗಲೂ ಇರುತ್ತದೆ, ದಾರಿಯಲ್ಲಿ ಹೋಗುವ ಯಾರಾದರೂ ಸೇದಿ ಕುಡಿಯಬಹುದು. ಅಲ್ಲಿಂದ ತುಂಬಿಸಿಕೊಂಡು ಬಂದು ತನ್ನ ಮನೆಯ ಹೆಸರು ಬರೆದಳು. "ಅದು ನಮ್ಮ ಬಾವಿದ್ದಲ್ಲ ಟೀಚರ್, ನಿಮ್ಮದು. ಟೀಚರ್ ಮನೆಯ ನೀರಲ್ವಾ, ಒಳ್ಳೇದೇ ಇರ್ತದೆ ಅಂತ ತಂದದ್ದು" ಎಂದಳು. ಎಲ್ಲರ ಎದುರು ಹೇಳಿದರೆ ನನಗೆ ಬೇಜಾರಾಗುತ್ತದೆಂದು ಸಂಜೆಯವರೆಗೆ ಕಾದಳಂತೆ. ಹನ್ನೆರಡು ವರ್ಷದ ಮಗು ನನ್ನ ಮರ್ಯಾದೆ ನೋಡಿತು.

ಇಪ್ಪತ್ತೆರಡು ಮನೆಯ ಬಾವಿ ಪರೀಕ್ಷಿಸಿದವಳು ನನ್ನ ಮನೆಯ ಬಾವಿಯ ನೀರನ್ನು ಇಟ್ಟಿರಲಿಲ್ಲ. ಅದಕ್ಕೆ ಏನು ಆಗುತ್ತದೆ ಎಂಬ ಸೊಕ್ಕು. ಕಳೆದ ವರ್ಷ ಇವರು ಹಿತ್ತಲಲ್ಲಿ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಿದಾಗ ಪಾಯಿಖಾನೆಯ ಗುಂಡಿಯನ್ನು ಬಾವಿಗಿಂತ ಎತ್ತರದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ತೋಡಿಸಿದ್ದರು. ಹತ್ತಿರವಾಯಿತು ಎಂದು ನಾನು ಇವರಿಗೆ ಒಂದು ಸಲ ಹೇಳಿದ್ದೆ. ಎರಡನೇ ಸಲ ಹೇಳಲಿಲ್ಲ. ಗುಂಡಿಗೂ ಬಾವಿಗೂ ಎಷ್ಟು ಅಂತರ ಇರಬೇಕೆಂದು ಇಪ್ಪತ್ತಾರು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.

ನಾನು ಮುರ್ಶಿದಾಳಿಗೆ ಏನು ಹೇಳಿದೆ ಗೊತ್ತೇ? "ಇದನ್ನು ಯಾರಿಗೂ ಹೇಳ್ಬೇಡ ಮಗಳೇ, ನಾನು ಸರಿ ಮಾಡ್ತೇನೆ" ಎಂದೆ. ನಾಳೆ ಹೇಳುತ್ತೇನೆ, ಸೋಮವಾರ ಹೇಳುತ್ತೇನೆ, ಶಾಲೆ ಶುರುವಾದ ಮೇಲೆ ಹೇಳುತ್ತೇನೆ ಎಂದು ದಿನ ದೂಡಿದೆ. ಅಂಗನವಾಡಿಗೆ ನೀರು ಹೋಗುವುದೂ ನಮ್ಮ ಬಾವಿಯಿಂದಲೇ. ಒಂದೆರಡು ಸಲ ಬ್ಲೀಚಿಂಗ್ ಪೌಡರ್ ಹಾಕಿ ಸಾಕೆಂದುಕೊಂಡೆ. ದೀಪಶ್ರೀಗೆ ಕುದಿಸಿ ಕೊಡು ಎಂದು ಹೇಳಿದರೆ ಯಾಕೆಂದು ಕೇಳುತ್ತಾಳೆಂದು ಹೇಳಲಿಲ್ಲ. ಮಕ್ಕಳ ಕಣ್ಣು ಹಳದಿಯಾದ ಮೇಲೆ ಇವರು, "ಈಗ ಬಾಯಿ ತೆಗೆದ್ರೆ ಅದೂ ನಮ್ಮ ತಲೆಗೇ ಬರ್ತದೆ, ಸುಮ್ನೆ ಕೂತುಕೋ" ಎಂದರು. ಕೂತುಕೊಂಡೆ. ಆರೋಗ್ಯ ಕೇಂದ್ರದವರು ನೀರು ತೆಗೆಯಲು ಬರುವ ದಿನ ಬೆಳಿಗ್ಗೆ ಐದಕ್ಕೆದ್ದು ಬಾವಿಗೆ ಪುಡಿ ಸುರಿದವಳು ನಾನು. ಊರಿನವರು ಸೌದಾಳ ಮೇಲೆ ಹೊರಿಸಿದ್ದನ್ನು ಅಕ್ಷರಶಃ ಮಾಡಿದೆ. ಈಗ ಗುಂಡಿ ಮುಚ್ಚಿಸಿ ಕೆಳಗಡೆ ಬೇರೆ ತೋಡಿಸಿದ್ದೇವೆ, ಮಳೆಗೆ ಕುಸಿಯಿತು ಎಂದು ಹೇಳಿ. ನೀರು ಚೊಕ್ಕವಾಗಿದೆ. ದಾರಿಯಲ್ಲಿ ಹೋಗುವವರು ಸೇದಿ ಕುಡಿದು, ಟೀಚರ ಮನೆಯ ನೀರು ಎಂದರೆ ಸಿಹಿ ಎನ್ನುತ್ತಾರೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ. ನನ್ನ ಕೈಯಿಂದ ಆಗದ್ದನ್ನು ನಿಮ್ಮಿಂದ ಮಾಡಿಸಲು ನೋಡುತ್ತಿದ್ದೇನೆ ಎಂದು ನನಗೆ ಗೊತ್ತು, ಅದೂ ಹೇಡಿತನವೇ.

ಟಿ.ಸಿ. ಕೊಟ್ಟ ದಿನ ಮೊಯ್ದೀನ್ ಸ್ಕೂಟರು ತಿರುಗಿಸುತ್ತಿದ್ದಾಗ ಮುರ್ಶಿದಾ ಒಬ್ಬಳೇ ವಾಪಸು ಓಡಿ ಬಂದಳು, ಮಳೆಯಲ್ಲಿ ನೆನೆದುಕೊಂಡೇ. ನನ್ನ ಮೇಜಿನ ಹತ್ತಿರ ನಿಂತು, ಒಪ್ಪಿಸಿದ ಕೆಲಸವನ್ನು ಮುಗಿಸಿ ಬಂದವಳ ಹಾಗೆ, ಮೆಲ್ಲಗೆ ಹೇಳಿದಳು. "ನಾನು ಯಾರಿಗೂ ಹೇಳ್ಲಿಲ್ಲ ಟೀಚರ್. ಉಮ್ಮನಿಗೂ ಹೇಳ್ಲಿಲ್ಲ."

ನಾನು ಅವಳ ತಲೆ ಸವರಿ "ಜಾಣೆ" ಎಂದೆ.